ಹಡಗಿನ ಕಾಲ, ಹಸುವಿನ ಕಾಲ

ಈ ಅಂಕಣದ ಓದುಗರು ಕೆಲವು ತಿಂಗಳುಗಳಿಂದ ಒಂದೇ ಸಂದೇಹವನ್ನು ನಾನಾ ವಿಧವಾಗಿ ನನ್ನ ಮುಂದಿಡುತ್ತ ಬಂದಿದ್ದಾರೆ. 2023-24ನೆಯ ಸಾಲಿನಲ್ಲಿ ಸುಮಾರು 24 ಕೋಟಿ ಟನ್ ಹಾಲನ್ನು ಉತ್ಪಾದಿಸಿ, ಜಗತ್ತಿನ ಹಾಲಿನಲ್ಲಿ ಹೆಚ್ಚುಕಡಿಮೆ ನಾಲ್ಕನೆಯ ಒಂದು ಪಾಲು ತನ್ನದೆಂದು ಹೇಳಿಕೊಳ್ಳುವ ಈ ಮಹಾದೇಶವು, ಜನಸಂಖ್ಯೆಯಲ್ಲಿ ಬೆಂಗಳೂರಿನ ಅರ್ಧವೂ ಆಗದ ನ್ಯೂಜಿಲೆಂಡಿನ ಹಾಲಿನ ಪುಡಿಗೆ ಅಂಜಿ ತನ್ನ ಬಂದರುಗಳ ಬಾಗಿಲಿಗೆ ಅಗುಳಿ ಹಾಕಿಕೊಳ್ಳುವುದೇಕೆಂದು ಒಬ್ಬರು ಕೇಳುತ್ತಾರೆ. ಅಗ್ಗವಾಗಿ ದೊರೆಯಬಹುದಾದ ಪದಾರ್ಥವನ್ನು ನಿವಾರಿಸಿ ಬಡವರ ಮಕ್ಕಳಿಗೆ ದುಬಾರಿಯ ಹಾಲನ್ನೇ ಕುಡಿಸುವುದು ಯಾವ ಧರ್ಮವೆಂದು ಮತ್ತೊಬ್ಬರು. ಎರಡೂ ಸಾಧುವಾದ ಪ್ರಶ್ನೆಗಳೇ. ಆಮದು ಸುಂಕವೆಂಬುದು ಒಂದು ತೆರಿಗೆ. ಯಾವ ತೆರಿಗೆಗಾದರೂ ಕಾರಣ ಕೇಳುವುದು ಪ್ರಜೆಯ ಹಕ್ಕು. ನನಗೆ ತಿಳಿದಮಟ್ಟಿಗೆ ಉತ್ತರ ಹೇಳುತ್ತೇನೆ. ಆದರೆ ಜಿನೀವಾದ ವ್ಯಾಪಾರ ಒಪ್ಪಂದಗಳ ಮಾತಿಗೆ ಹೋಗುವ ಮುನ್ನ ಓದುಗರನ್ನು ಒಮ್ಮೆ ನನ್ನ ಅಕ್ಕನ ಕೊಟ್ಟಿಗೆಗೆ ಕರೆದುಕೊಂಡು ಹೋಗಬೇಕಾಗಿದೆ.

ಅಕ್ಕನದು ಬಯಲುಸೀಮೆಯ ಒಂದು ಹಳ್ಳಿ. ಹೊಳೆಯಿಲ್ಲ, ಕಾಲುವೆಯಿಲ್ಲ, ರಾಗಿ ಬಂದರೆ ವರುಷಕ್ಕೊಮ್ಮೆ ಬಂತು, ಬಾರದಿದ್ದರೆ ಇಲ್ಲ. ಆ ಮನೆಯಲ್ಲಿ ನಿಶ್ಚಿತವಾಗಿ ಬರುವ ಕಾಸೆಂದರೆ ಹದಿನೈದು ದಿನಕ್ಕೊಮ್ಮೆ ಡೇರಿಯಲ್ಲಿ ಆಗುವ ಹಾಲಿನ ಬಟವಾಡೆ. ನಸುಕಿನಲ್ಲಿ ಎದ್ದು, ಮೂರು ಸೀಮೆಹಸುಗಳಿಗೆ ಬೂಸ ಹಿಂಡಿ ಕಲಸಿಟ್ಟು, ಕೆಚ್ಚಲು ತೊಳೆದು ಕರೆದು, ಆರು ಗಂಟೆಯೊಳಗೆ ಕ್ಯಾನನ್ನು ಡೇರಿಗೆ ಒಯ್ದು, ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಎಂಬುದನ್ನು ಬರೆದ ಚೀಟಿಯನ್ನು ಸೆರಗಿನ ತುದಿಗೆ ಗಂಟುಕಟ್ಟಿಕೊಂಡು ಬರುವುದು ಅವಳ ನಿತ್ಯದ ಆಹ್ನಿಕ. 2018ರ ಸುಮಾರಿನಲ್ಲಿ ದೇಶದ ಉಗ್ರಾಣಗಳಲ್ಲೆಲ್ಲ ಹಾಲಿನ ಪುಡಿ ಮಾರಾಟವಾಗದೆ ರಾಶಿಬಿದ್ದಾಗ ಅವಳಿಗೆ ಸಿಗುವ ದರ ಲೀಟರಿಗೆ ಎರಡು ರೂಪಾಯಿ ಇಳಿಯಿತು. ಹಿಂಡಿಯ ಬೆಲೆ ಇಳಿಯಲಿಲ್ಲ. ಅವಳು ಮೂರು ತಿಂಗಳು ತಾಳಿದಳು. ನಾಲ್ಕನೆಯ ತಿಂಗಳು ಗಬ್ಬವಾಗಿದ್ದ ಕಡಸೊಂದನ್ನು ಸಂತೆಗೆ ಹೊಡೆದಳು. ಮುಂದಿನ ವರುಷ ದರವೇನೋ ಏರಿತು. ಆದರೆ ಆ ಗೊಂತು ಖಾಲಿಯಾಗಿಯೇ ಉಳಿಯಿತು, ಏಕೆಂದರೆ ಮನೆಯಲ್ಲಿ ಉಳಿದಿದ್ದ ಹೆಣ್ಣುಗರು ಬೆಳೆದು, ಬೆದೆಗೆ ಬಂದು, ಒಂಬತ್ತು ತಿಂಗಳು ಹೊತ್ತು ಈಯುವವರೆಗೆ ಕಾಯದೆ ಬೇರೆ ಮಾರ್ಗವಿರಲಿಲ್ಲ. ಆಗ ಅಕ್ಕ ಹೇಳಿದ ಮಾತು ನನಗೆ ಅರ್ಥಶಾಸ್ತ್ರದ ಯಾವ ಗ್ರಂಥದಲ್ಲಿಯೂ ಅಷ್ಟು ಸ್ಪಷ್ಟವಾಗಿ ದೊರೆತಿಲ್ಲ: “ದರ ಇಳಿಯೋಕೆ ಒಂದು ರಾತ್ರಿ ಸಾಕು ಕಣೋ, ಕರ ಹಸ ಆಗೋಕೆ ಮೂರು ವರ್ಸ ಬೇಕು.”

ಆ ವರುಷದ ಇಳಿತಕ್ಕೆ ಪರದೇಶದ ಪುಡಿ ನಮ್ಮ ಬಂದರಿಗೆ ಬಂದಿಳಿದದ್ದು ಕಾರಣವೆಂದು ಹೇಳಿದರೆ ಅದು ಅಸತ್ಯವಾದೀತು. ನಮ್ಮ ಹಾಲೇ ಹೆಚ್ಚಾಗಿತ್ತು. ಆದರೆ ಹೆಚ್ಚಾದ ಪುಡಿಯನ್ನು ಹೊರಗೆ ಮಾರಿ ಭಾರ ಇಳಿಸಿಕೊಳ್ಳೋಣವೆಂದರೆ, ಅದೇ ಸಮಯದಲ್ಲಿ ಯೂರೋಪಿನ ಒಕ್ಕೂಟವು ತನ್ನ ರೈತರಿಂದ ಕೊಂಡು ಕೂಡಿಟ್ಟ ಮೂರೂವರೆ ಲಕ್ಷ ಟನ್ನಿಗೂ ಮಿಕ್ಕ ಪುಡಿಯು ಜಗತ್ತಿನ ಮಾರುಕಟ್ಟೆಯ ತಲೆಯ ಮೇಲೆ ಕತ್ತಿಯಂತೆ ತೂಗುತ್ತಿದ್ದಿತು. ನಮ್ಮ ಸರ್ಕಾರವು ರಫ್ತಿಗೆ ಪ್ರೋತ್ಸಾಹಧನವನ್ನು ಘೋಷಿಸಬೇಕಾಯಿತು. ಬಾಗಿಲು ಮುಚ್ಚಿದ್ದಾಗಲೇ ಸಂದಿನಿಂದ ನುಗ್ಗಿದ ಗಾಳಿಗೆ ಒಂದು ಗೊಂತು ಬರಿದಾಯಿತೆಂದರೆ, ಬಾಗಿಲು ತೆರೆದಿದ್ದರೆ ಏನಾಗುತ್ತಿತ್ತೆಂಬುದು ಯೋಚಿಸಬೇಕಾದ ವಿಷಯ.

ಸಮುದ್ರ ದಾಟಿ ಬರುವುದು ಹಾಲಲ್ಲವೆಂಬ ಸಂಗತಿಯನ್ನು ಇಲ್ಲಿ ನೆನೆಯಬೇಕು. ಹಸುವಿನ ಹಾಲಿನಲ್ಲಿ ನೂರಕ್ಕೆ 87 ಭಾಗ ನೀರು. ನೀರನ್ನು ಹಡಗಿನಲ್ಲಿ ಹೊತ್ತು ತರುವ ಮೂಢ ವರ್ತಕನು ಎಲ್ಲಿಯೂ ಇಲ್ಲ. ನೂರು ಲೀಟರ್ ಹಾಲಿನ ಕೆನೆಯನ್ನು ತೆಗೆದು, ಉಳಿದುದನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸಿದರೆ ನಾಲ್ಕು ಕಿಲೋದಷ್ಟು ಬೆಣ್ಣೆಯೂ ಒಂಬತ್ತು ಕಿಲೋದಷ್ಟು ಕೆನೆರಹಿತ ಪುಡಿಯೂ ದೊರೆಯುತ್ತವೆ. ಅವು ತಿಂಗಳುಗಟ್ಟಲೆ ಕೆಡುವುದಿಲ್ಲ. ಎಲ್ಲಿ ಬೇಕೆಂದರೆ ಅಲ್ಲಿ ಮತ್ತೆ ನೀರು ಬೆರೆಸಿದರೆ ಹಾಲಾಗುತ್ತವೆ. ನಮ್ಮ ಡೇರಿಗಳೂ ಸುಗ್ಗಿಯ ತಿಂಗಳುಗಳಲ್ಲಿ, ಕೊಳ್ಳುವವರಿಗಿಂತ ಹಾಲು ಹೆಚ್ಚಾದಾಗ, ಮಿಕ್ಕುದನ್ನು ಪುಡಿ ಮಾಡಿ ಬೇಸಗೆಗೆ ಕೂಡಿಡುತ್ತವೆ. ಹೀಗೆ ಮಿಗುವ ಆ ಕೊನೆಯ ಪಾಲಿಗೆ ಎಷ್ಟು ಬೆಲೆ ಬರುವುದೋ ಅದು ಮೊದಲ ಲೀಟರಿನ ದರವನ್ನೂ ಎಳೆಯುತ್ತದೆ. ಏಕೆಂದರೆ ಬೆಳಗ್ಗೆ ಚಹಾಕ್ಕೆ ಬೀಳುವ ಹಾಲು ಯಾರದು, ಪುಡಿಯಾಗುವ ಹಾಲು ಯಾರದು ಎಂದು ಕ್ಯಾನಿನ ಮೇಲೆ ಬರೆದಿರುವುದಿಲ್ಲ. ಎಲ್ಲರಿಗೂ ಸಲ್ಲುವುದು ಸರಾಸರಿ ದರವೇ. ಇಡೀ ನ್ಯೂಜಿಲೆಂಡಿನ ಹಾಲು ನಮ್ಮ ಹಾಲಿನ ಹತ್ತನೆಯ ಒಂದು ಪಾಲಿಗೂ ಕಡಿಮೆಯೆಂಬುದು ನಿಜ. ಆದರೆ ಕೊಡ ತುಂಬಿದ ಮೇಲೆ ಹೊರಗೆ ಚೆಲ್ಲಲು ಒಂದು ಬೊಗಸೆಯೇ ಸಾಕು. ಅಕ್ಕನ ಹಳ್ಳಿಯಲ್ಲಿ ವಿದೇಶದ ಪುಡಿಯ ಒಂದು ಚಮಚವನ್ನೂ ಯಾರೂ ಕಾಣದಿದ್ದರೂ, ಮುಂಬಯಿಯ ಬಿಸ್ಕತ್ತಿನ ಕಾರ್ಖಾನೆಯೊಂದು ನಮ್ಮ ಪುಡಿಯನ್ನು ಬಿಟ್ಟು ಅದನ್ನು ಕೊಂಡರೆ, ಆ ಪೆಟ್ಟು ಸುತ್ತಿ ಬಳಸಿ ಬಂದು ಬೀಳುವುದು ಅವಳ ಬಟವಾಡೆಯ ಮೇಲೆಯೇ.

ಈ ಪುಡಿ ಅಗ್ಗವಾಗುವುದಾದರೂ ಹೇಗೆ? ಲೋಕದಲ್ಲಿ ಕರೆಯುವ ಹಾಲಿನ ಬಹುಭಾಗ ಕರೆದ ದೇಶದಲ್ಲಿಯೇ ಮುಗಿದುಹೋಗುತ್ತದೆ. ಗಡಿ ದಾಟುವುದು ನೂರಕ್ಕೆ ಹತ್ತರೊಳಗಿನ ಪಾಲು. ಆದುದರಿಂದ ‘ಜಾಗತಿಕ ಬೆಲೆ’ ಎಂದು ಪಂಡಿತರು ಗಂಭೀರವಾಗಿ ಉಚ್ಚರಿಸುವ ಆ ಅಂಕಿಯು ವಸ್ತುತಃ ಶ್ರೀಮಂತರ ಮನೆಯಲ್ಲಿ ಉಂಡು ಮಿಕ್ಕ ಅನ್ನದ ಬೆಲೆಯೇ ಹೊರತು ಅದನ್ನು ಬೆಳೆಯಲು ತಗುಲಿದ ವೆಚ್ಚವಲ್ಲ. ಯೂರೋಪಿನ ರಾಷ್ಟ್ರಗಳು ತಮ್ಮ ಗೋಪಾಲಕರಿಗೆ ಅಭಯಬೆಲೆ ಕೊಟ್ಟು, ಅದರಿಂದ ಬೆಣ್ಣೆಯ ಬೆಟ್ಟಗಳೂ ಹಾಲಿನ ಕೆರೆಗಳೂ ಉಂಟಾಗಿ, 1984ರಲ್ಲಿ ಇಂತಿಷ್ಟೇ ಹಾಲು ಕರೆಯಬೇಕೆಂಬ ಮಿತಿಯನ್ನು ವಿಧಿಸಿ, ಅಷ್ಟಾದರೂ ಮಿಕ್ಕುದನ್ನು ಖಜಾನೆಯ ಹಣದಿಂದ ಬೆಲೆ ತಗ್ಗಿಸಿ ಬಡದೇಶಗಳಿಗೆ ಸಾಗಿಸುತ್ತ ಬಂದವು. 2015ರ ಮಾರ್ಚಿನಲ್ಲಿ ಆ ಮಿತಿ ತೆಗೆದುಹೋಯಿತು. ಅದೇ ವರುಷದ ಡಿಸೆಂಬರಿನಲ್ಲಿ ನೈರೋಬಿಯಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಘಟನೆಯ ಸಭೆಯು ಕೃಷಿ ರಫ್ತಿನ ಸಹಾಯಧನಗಳನ್ನು ರದ್ದುಮಾಡಲು ನಿಶ್ಚಯಿಸಿತು. ಇದು ಒಳ್ಳೆಯ ಕೆಲಸವೇ. ಆದರೆ ರಫ್ತಿನ ಹೆಸರಿನಲ್ಲಿ ಕೊಡುತ್ತಿದ್ದುದು ನಿಂತರೂ ಹೊಲದ ಹೆಸರಿನಲ್ಲಿ ನೇರವಾಗಿ ರೈತನ ಖಾತೆಗೆ ಕೊಡುವುದು ಇಂದಿಗೂ ನಡೆದಿದೆ. ಬಲಗೈಯ ಹಣವನ್ನು ಎಡಗೈಗೆ ದಾಟಿಸಿದ ಮಾತ್ರಕ್ಕೆ ಎದುರಾಳಿಯ ಬಲ ಕುಗ್ಗುವುದಿಲ್ಲ. ಇದರ ಫಲವನ್ನು ಕಾಣಬೇಕೆಂದಿದ್ದವರು ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪವನ್ನು ನೋಡಬೇಕು. ಸಾಲದ ಹೊರೆಯಲ್ಲಿದ್ದ ಆ ದೇಶವು 1992ರಲ್ಲಿ ಸಾಲಿಗರ ಬುದ್ಧಿವಾದದಂತೆ ತನ್ನ ಹಾಲಿನ ಮಾರುಕಟ್ಟೆಯನ್ನು ತೆರೆಯಿತು; ಸಹಾಯಧನದಿಂದ ಪುಷ್ಟವಾದ ಪುಡಿ ಬಂದಿಳಿಯಿತು; ಅಲ್ಲಿನ ರೈತರು ತಾವು ಕರೆದ ಹಾಲನ್ನು ನೆಲಕ್ಕೆ ಸುರಿಯಬೇಕಾದ ದುರವಸ್ಥೆಯನ್ನು 2001ರ ‘ಲೈಫ್ ಅಂಡ್ ಡೆಟ್’ ಎಂಬ ಸಾಕ್ಷ್ಯಚಿತ್ರವು ಲೋಕಕ್ಕೆ ತೋರಿಸಿತು. ಆ ದೇಶದ ಹೈನುಗಾರಿಕೆ ಹಿಂದಿನ ಸ್ಥಿತಿಗೆ ಮರಳಲು ಈಗಲೂ ಹೆಣಗುತ್ತಿದೆ.

ನ್ಯೂಜಿಲೆಂಡಿನ ವಿಷಯವನ್ನು ಮಾತ್ರ ಪ್ರತ್ಯೇಕಿಸಿ ನೋಡುವುದು ನ್ಯಾಯ. ಆ ದೇಶವು 1984ರಲ್ಲಿಯೇ ಕೃಷಿಯ ಸಹಾಯಧನಗಳನ್ನು ಕಿತ್ತುಹಾಕಲು ಆರಂಭಿಸಿತು. ಮಳೆ, ಹುಲ್ಲುಗಾವಲು, ನಾಲ್ಕುನೂರಕ್ಕೂ ಮೀರಿದ ಹಸುಗಳ ಹಿಂಡು, ವಿದ್ಯೆ ಇವುಗಳಿಂದಲೇ ಅದರ ಹಾಲು ಅಗ್ಗವಾಗಿದೆ. ತಾನು ಕರೆದುದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಅಧಿಕ ಭಾಗವನ್ನು ಹೊರಗೆ ಮಾರಿ ಬದುಕುವ ಆ ಜನರನ್ನು ವಂಚಕರೆಂದು ಕರೆಯುವುದು ಸಲ್ಲದು. ಯೂರೋಪಿನದು ಅನ್ಯಾಯದ ಪೈಪೋಟಿ, ನ್ಯೂಜಿಲೆಂಡಿನದು ಅಸಮಾನರ ಪೈಪೋಟಿ. ಮೊದಲನೆಯದಕ್ಕೆ ಪ್ರತಿಭಟನೆ ಬೇಕು, ಎರಡನೆಯದಕ್ಕೆ ಕಾಲಾವಕಾಶ ಬೇಕು. ಎರಡನ್ನೂ ಒಂದೇ ಬೈಗುಳದಲ್ಲಿ ಮುಗಿಸುವ ನಮ್ಮ ಸಭೆಗಳ ಭಾಷಣಕಾರರು ತಮ್ಮ ವಾದವನ್ನೇ ದುರ್ಬಲಗೊಳಿಸುತ್ತಾರೆ. ಇನ್ನು ರಕ್ಷಣೆಯೆಂಬುದು ಬಡದೇಶಗಳ ಹೇಡಿತನವೆಂದು ತಿಳಿದವರು ಕೆನಡಾದ ಸುಂಕದ ಪಟ್ಟಿಯನ್ನೊಮ್ಮೆ ತೆರೆಯಬೇಕು: ನಿಗದಿಯಾದ ಪ್ರಮಾಣವನ್ನು ಮೀರಿ ಬರುವ ಬೆಣ್ಣೆಗೆ ಅಲ್ಲಿ ನೂರಕ್ಕೆ 298.5ರ ಸುಂಕವಿದೆ. ನಮ್ಮಲ್ಲಿ ಬೆಣ್ಣೆಗೆ ನೂರಕ್ಕೆ 40, ಹಾಲಿನ ಪುಡಿಗೆ 60.

ಈ 60 ಎಂಬುದು ನಮಗೆ ಸುಲಭವಾಗಿ ದೊರೆತ ಅಂಕಿಯಲ್ಲ. ನಾನು ಬಾಲಕನಾಗಿದ್ದಾಗ ನಮ್ಮೂರ ಶಾಲೆಯಲ್ಲಿ ಅಮೆರಿಕದಿಂದ ಬಂದ ಹಾಲಿನ ಪುಡಿಯನ್ನು ಹಂಡೆಯಲ್ಲಿ ಕದಡಿ ನಮಗೆ ಕುಡಿಸುತ್ತಿದ್ದರು. ತಳದಲ್ಲಿ ಗಂಟುಗಂಟಾಗಿ ಉಳಿದುದನ್ನು ಬೆರಳಿನಿಂದ ಬಳಿದು ತಿಂದ ರುಚಿ ಈಗಲೂ ನೆನಪಿದೆ. ದಾನದ ಹಾಲಿನಿಂದ ಹಸಿವು ಹಿಂಗಿತೆಂಬುದನ್ನು ಮರೆಯುವುದು ಕೃತಘ್ನತೆ. ಆದರೆ ದಾನದ ಹಾಲಿರುವ ಊರಿನಲ್ಲಿ ಹಸು ಕಟ್ಟುವವನಿಗೆ ಗಿರಾಕಿಯಿರುವುದಿಲ್ಲವೆಂಬುದನ್ನು ಕಂಡುಕೊಂಡವರು ವರ್ಗೀಸ್ ಕುರಿಯನ್. 1970ರಲ್ಲಿ ಆರಂಭವಾದ ಕ್ಷೀರಕ್ರಾಂತಿಯ ಮೊದಲ ಘಟ್ಟಕ್ಕಾಗಿ ಯೂರೋಪಿನಿಂದ 1,26,000 ಟನ್ ಕೆನೆರಹಿತ ಪುಡಿಯೂ 42,000 ಟನ್ ಬೆಣ್ಣೆ ಎಣ್ಣೆಯೂ ದಾನವಾಗಿ ಬರುವ ಏರ್ಪಾಡಾದಾಗ, ಅದನ್ನು ಪುಕ್ಕಟೆಯಾಗಿ ಹಂಚಿಬಿಡದೆ, ನಾಲ್ಕು ಮಹಾನಗರಗಳಲ್ಲಿ ಹಾಲಾಗಿಸಿ ಮಾರಿ, ಆ ಹಣವನ್ನೇ ಹಳ್ಳಿಯ ಸಂಘಗಳಿಗೂ ಶೀತಲೀಕರಣದ ಘಟಕಗಳಿಗೂ ಸುರಿದದ್ದು ಅವರ ಪ್ರತಿಭೆ. ಊರಿನ ಹಸುವನ್ನು ಕೊಲ್ಲಬಹುದಾಗಿದ್ದ ಪುಡಿಯೇ ಹಸುವಿಗೆ ಮೇವಾಯಿತು. ನಮ್ಮ ನಾಡಿನಲ್ಲಿ 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಮೊದಲ ಡೇರಿ ಕಣ್ದೆರೆದಿತ್ತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ನಿಗಮ ಸ್ಥಾಪಿತವಾಗಿ, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ಆದರೆ ಪುಡಿಯ ಕೊರತೆಯಿದ್ದ ಆ ಹಿಂದಿನ ದಿನಗಳಲ್ಲಿ, ಅದರ ಮೇಲೆ ಶೂನ್ಯಕ್ಕಿಂತ ಹೆಚ್ಚಿನ ಸುಂಕ ಹಾಕುವುದಿಲ್ಲವೆಂದು ನಾವು ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಮಾತುಕೊಟ್ಟಿದ್ದೆವು. ಆಮದಿನ ಪರಿಮಾಣದ ಮೇಲಿದ್ದ ನಿರ್ಬಂಧಗಳನ್ನು ತೆಗೆಯಬೇಕಾದ ಕಾಲ ಬಂದಾಗ ಆ ವಚನ ಕೊರಳಿಗೆ ಉರುಳಾಯಿತು. ಬೇರೆ ಪದಾರ್ಥಗಳಲ್ಲಿ ರಿಯಾಯಿತಿಗಳನ್ನು ಕೊಟ್ಟು, ಮರುಸಂಧಾನ ನಡೆಸಿ, 2000ನೆಯ ಇಸವಿಯಲ್ಲಿ ಗಳಿಸಿಕೊಂಡದ್ದು ಈಗಿನ ವ್ಯವಸ್ಥೆ: ವರುಷಕ್ಕೆ 10,000 ಟನ್ನಿನವರೆಗೆ ನೂರಕ್ಕೆ 15ರ ಸುಂಕ, ಅದರ ಮೇಲೆ 60.

ಅನ್ಯಾಯದ ಆಮದನ್ನು ತಡೆಯಲು ಕಾನೂನೇ ಇರುವಾಗ ಎಲ್ಲರ ಮೇಲೂ ಸುಂಕ ಹೇರುವುದೇಕೆಂಬ ಚತುರವಾದ ಆಕ್ಷೇಪವೊಂದುಂಟು. ಕಾನೂನು ಇದೆ, ನಿಜ. ತನ್ನ ದೇಶದ ಬೆಲೆಗಿಂತ ಕಡಿಮೆಗೆ ತಂದು ಸುರಿಯುವವನ ಮೇಲೆ ಪ್ರತಿಸುರಿತದ ಸುಂಕ, ಸರ್ಕಾರದ ಸಹಾಯಧನದ ಬಲದಿಂದ ಮಾರುವವನ ಮೇಲೆ ಸರಿದೂಗಿಸುವ ಸುಂಕ, ಆಮದು ಥಟ್ಟನೆ ಉಕ್ಕಿಬಂದಾಗ ಸುರಕ್ಷಾ ಸುಂಕ, ಹೀಗೆ ಮೂರು ಅಸ್ತ್ರಗಳು 1975ರ ಸೀಮಾಸುಂಕ ದರ ಅಧಿನಿಯಮದಲ್ಲಿವೆ. ಉಕ್ಕಿಗೂ ರಾಸಾಯನಿಕಗಳಿಗೂ ಅವು ಸಾರ್ಥಕವಾಗಿ ಉಪಯೋಗವಾಗಿವೆ. ಆದರೆ ಅವುಗಳಲ್ಲಿ ಮೊದಲನೆಯದನ್ನು ಹೂಡುವ ಬಗೆಯನ್ನು ನೋಡಿ. ಮೊದಲು ದೂರು ಕೊಡುವವರು ಆ ಪದಾರ್ಥದ ದೇಶೀಯ ಉತ್ಪಾದನೆಯಲ್ಲಿ ಕನಿಷ್ಠ ನೂರಕ್ಕೆ 25 ಭಾಗದ ಬೆಂಬಲವನ್ನು ತೋರಿಸಬೇಕು. ಬಳಿಕ ಸುರಿತವಾಗಿದೆಯೆಂದೂ, ಹಾನಿಯಾಗಿದೆಯೆಂದೂ, ಆ ಹಾನಿಗೆ ಈ ಸುರಿತವೇ ಕಾರಣವೆಂದೂ ಲೆಕ್ಕಪತ್ರಗಳಿಂದ ಸಿದ್ಧಪಡಿಸಬೇಕು. ತನಿಖೆ ಆರಂಭವಾಗಿ ಅರವತ್ತು ದಿನಗಳು ಕಳೆಯುವ ಮೊದಲು ತಾತ್ಕಾಲಿಕ ಸುಂಕವನ್ನೂ ಹಾಕುವಂತಿಲ್ಲ. ಅಂತಿಮ ನಿರ್ಣಯಕ್ಕೆ ಒಂದು ವರುಷ, ಕೆಲವೊಮ್ಮೆ ಒಂದೂವರೆ ವರುಷ. ಪುಡಿಯ ಮೇಲಿನ ದೂರಿನಲ್ಲಿ ವಾದಿಯ ಸ್ಥಾನ ಪುಡಿ ಮಾಡುವ ಕಾರ್ಖಾನೆಗೆ. ಹಾಲು ಕರೆದ ಅಕ್ಕ ಆ ನ್ಯಾಯಶಾಲೆಯಲ್ಲಿ ಸಾಕ್ಷಿಯೂ ಅಲ್ಲ. ಉಕ್ಕಿನ ಕುಲುಮೆಯನ್ನು ಕೆಲವು ತಿಂಗಳು ಆರಿಸಿಟ್ಟು ತೀರ್ಪು ಬಂದಮೇಲೆ ಮತ್ತೆ ಹೊತ್ತಿಸಬಹುದು. ಹಸುವನ್ನು ಆರಿಸಿಡುವುದು ಹೇಗೆ? ದರವಿರಲಿ ಬಿಡಲಿ, ದಿನಕ್ಕೆರಡು ಸಲ ಕರೆಯದಿದ್ದರೆ ಕೆಚ್ಚಲು ಬಾಯುತ್ತದೆ. ಮೇವು ನಿಲ್ಲಿಸಿದರೆ ಪ್ರಾಣ ಹೋಗುತ್ತದೆ. ಹಡಗು ಕೆಲವು ವಾರಗಳಲ್ಲಿ ಬರುತ್ತದೆ, ತೀರ್ಪು ವರುಷಕ್ಕೆ ಬರುತ್ತದೆ, ಮಾರಿಹೋದ ಹಸುವಿನ ಜಾಗಕ್ಕೆ ಮತ್ತೊಂದು ಹಸು ಮೂರು ವರುಷಕ್ಕೆ ಬರುತ್ತದೆ. ಗಾಯವಾದ ಮೇಲೆ ಹಚ್ಚುವ ಮದ್ದು ಈ ಜೀವಕ್ಕೆ ತಡವಾದುದರಿಂದಲೇ ಬಾಗಿಲಲ್ಲಿಯೇ ಕಾವಲಿರಬೇಕೆಂದು ನಾನು ಹೇಳುವುದು.

ಈ ಕಾವಲನ್ನು ಸಡಿಲಿಸಬೇಕೆಂಬ ಒತ್ತಡ ನಿಂತಿಲ್ಲ. ಹದಿನಾರು ದೇಶಗಳು ಏಳು ವರುಷ ನಡೆಸಿದ ಆರ್‌ಸಿಇಪಿ ಎಂಬ ಪ್ರಾದೇಶಿಕ ವ್ಯಾಪಾರ ಒಪ್ಪಂದದ ಮಾತುಕತೆಯಿಂದ 2019ರ ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹಿಂದೆ ಸರಿದುದರ ಹಿಂದೆ ಇದ್ದ ಹಲವು ಕಾರಣಗಳಲ್ಲಿ ಹಾಲೂ ಒಂದು. ಅದಕ್ಕೆ ಮೊದಲು ಕರ್ನಾಟಕದಲ್ಲಿಯೂ ರೈತ ಸಂಘಗಳು ಬೀದಿಗಿಳಿದಿದ್ದುವು. ಅನಂತರ 2022ರಲ್ಲಿ ಆಸ್ಟ್ರೇಲಿಯದೊಡನೆ, 2025ರಲ್ಲಿ ಬ್ರಿಟನ್ನಿನೊಡನೆ ಸಹಿಯಾದ ಒಪ್ಪಂದಗಳಲ್ಲಿ ಹಾಲಿನ ಪದಾರ್ಥಗಳನ್ನು ಹೊರಗಿರಿಸಲಾಯಿತು. ಅಮೆರಿಕದೊಡನೆ ಇರುವ ವಿವಾದಕ್ಕೆ ಇನ್ನೊಂದು ಮುಖವಿದೆ: ಮೆಲುಕು ಹಾಕುವ ಪ್ರಾಣಿಗಳ ರಕ್ತ, ಮಾಂಸಗಳಿಂದ ಮಾಡಿದ ಆಹಾರವನ್ನು ತಿನ್ನಿಸಿರದ ಹಸುವಿನ ಹಾಲೆಂಬ ಪ್ರಮಾಣಪತ್ರವನ್ನು ನಾವು ಕೇಳುತ್ತೇವೆ, ಅದು ವ್ಯಾಪಾರಕ್ಕೆ ಒಡ್ಡಿದ ಅಡ್ಡಿಯೆಂದು ಅವರು ಹೇಳುತ್ತಾರೆ. 2019ರ ಜೂನಿನಲ್ಲಿ ನಮ್ಮ ಸರಕುಗಳಿಗಿದ್ದ ಸುಂಕ ರಿಯಾಯಿತಿಯನ್ನು ಅಮೆರಿಕ ಹಿಂತೆಗೆದುಕೊಂಡಾಗ ಅದರ ಹಿಂದೆ ಅಲ್ಲಿನ ಹೈನೋದ್ಯಮದ ದೂರೂ ಇದ್ದಿತು. ದೇವರ ಮುಂದೆ ತುಪ್ಪದ ದೀಪ ಹಚ್ಚುವ ಜನರ ಮನಸ್ಸನ್ನು ಅರಿತವರಿಗೆ ಈ ಪ್ರಮಾಣಪತ್ರ ವಿಚಿತ್ರವೆನಿಸಲಾರದು. ಆದರೂ ಮುಖ್ಯ ವಾದವನ್ನು ನಾವು ಶ್ರದ್ಧೆಯ ಮರೆಯಲ್ಲಿ ನಿಂತು ಮಾಡದೆ, ಜೀವನೋಪಾಯದ ಹೆಸರಿನಲ್ಲಿ ಎದೆಗೊಟ್ಟು ಮಾಡುವುದೇ ಮರ್ಯಾದೆಯೆಂದು ನನ್ನ ಮತ.

ಈಗ ಎರಡನೆಯ ಓದುಗರಿಗೆ, ಬಡವರ ಮಕ್ಕಳ ಪರವಾಗಿ ಕೇಳಿದವರಿಗೆ, ಉತ್ತರ ಹೇಳಬೇಕಾಗಿದೆ. ಅಗ್ಗದ ಪುಡಿ ಬಂದರೆ ಪೊಟ್ಟಣದ ಹಾಲಿನ ಬೆಲೆ ಕೆಲಕಾಲ ಇಳಿದೀತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಬೆಲೆ ಅಲ್ಲಿಯೇ ನಿಲ್ಲುವುದೆಂಬ ಭರವಸೆ ಯಾರೂ ಕೊಡಲಾರರು. ಪೊರೆಯುವ ಹಸು ಕೊಟ್ಟಿಗೆಯಲ್ಲಿ ಇಲ್ಲವಾದಮೇಲೆ ಜಾಗತಿಕ ಮಾರುಕಟ್ಟೆಯ ಹರಾಜಿನಲ್ಲಿ ಕೂಗಿದ ಬೆಲೆಯನ್ನೇ ತೆರಬೇಕಾಗುತ್ತದೆ. ನಮ್ಮಂಥ ದೊಡ್ಡ ದೇಶವು ಕೊಳ್ಳಲು ಹೊರಟರೆ ಆ ಸಣ್ಣ ಮಾರುಕಟ್ಟೆಯ ಬೆಲೆ ಅಗ್ಗವಾಗಿ ಉಳಿಯುವುದೂ ಇಲ್ಲ. ಮೇಲಾಗಿ, ಹಾಲು ಕುಡಿಯುವ ಬಡವನೂ ಹಾಲು ಕರೆಯುವ ಬಡವನೂ ಈ ದೇಶದಲ್ಲಿ ಅನೇಕ ಕಡೆ ಒಂದೇ ಮನೆಯವರು. 2013ರ ಆಗಸ್ಟಿನಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯು ಮಿಕ್ಕ ಹಾಲನ್ನು ಪುಡಿ ಮಾಡಿ ಶಾಲೆಯ ಮಕ್ಕಳಿಗೆ 150 ಮಿಲಿಲೀಟರಿನಂತೆ ಕುಡಿಸಿದಾಗ, ಒಂದೇ ಲೋಟದಿಂದ ಮಗುವಿಗೆ ಪುಷ್ಟಿಯೂ ಅದರ ತಾಯಿಗೆ ಗಿರಾಕಿಯೂ ದೊರೆತಂತಾಯಿತು. ಐವತ್ತು ವರುಷಗಳ ಹಿಂದೆ ನಾನು ಕುಡಿದ ಲೋಟದಲ್ಲಿ ಎರಡನೆಯದು ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ರಕ್ಷಿತರಾದವರ ಋಣವನ್ನು ಹೇಳದೆ ಮುಗಿಸಿದರೆ ನಾನು ಒಂದು ಕಣ್ಣಿಗೆ ಸುಣ್ಣ ಒಂದು ಕಣ್ಣಿಗೆ ಬೆಣ್ಣೆ ಹಚ್ಚಿದಂತಾದೀತು. ಸುಂಕದ ಗೋಡೆಯ ನೆರಳಿನಲ್ಲಿ ಕುಳಿತವರು ನಿದ್ರಿಸುವುದು ಸುಲಭ. ರಾಜ್ಯದ ಡೇರಿಗಳು 2024ರಲ್ಲಿ ದಿನವೊಂದಕ್ಕೆ ಒಂದು ಕೋಟಿ ಲೀಟರನ್ನು ಮೀರಿ ಹಾಲು ಸಂಗ್ರಹಿಸಿದುವೆಂಬುದು ಹೆಮ್ಮೆಯ ಮಾತೇ. ಆದರೆ ನಮ್ಮ ಹಸುವಿನ ಸರಾಸರಿ ಇಳುವರಿ ಇನ್ನೂ ಕೆಳಮಟ್ಟದಲ್ಲಿದೆ, ಹಸಿರು ಮೇವಿನ ಕೊರತೆ ನೀಗಿಲ್ಲ, ಕೆಚ್ಚಲುಬಾವಿಗೆ ಮದ್ದು ಹೇಳುವ ಪಶುವೈದ್ಯರು ಹೋಬಳಿಗೊಬ್ಬರೂ ಸಿಗದ ಕಡೆಗಳಿವೆ. ಸಹಕಾರವೆಂಬ ಪವಿತ್ರವಾದ ಹೆಸರಿನಡಿಯಲ್ಲಿ ಚುನಾವಣೆಯ ರಾಜಕೀಯ ಹಾಲಿನೊಳಗಿನ ನೀರಿನಂತೆ ಬೆರೆತಿರುವುದನ್ನು ಹಾಲು ಹಾಕುವವರೆಲ್ಲ ಬಲ್ಲರು.  ಗ್ರಾಹಕನು ಸುಂಕದ ರೂಪದಲ್ಲಿ ತೆರುತ್ತಿರುವುದು ಭಿಕ್ಷೆಯಲ್ಲ, ಮುಂಗಡ. ಮುಂಗಡ ಪಡೆದವರು ಲೆಕ್ಕ ಒಪ್ಪಿಸಬೇಕು.

ಆದುದರಿಂದ ನನ್ನ ತೀರ್ಮಾನ ಇಷ್ಟು: ಸುಂಕ ಇರಲಿ, ಯಾವ ಒಪ್ಪಂದದ ಆತುರದಲ್ಲಿಯೂ ಅದನ್ನು ಬಿಟ್ಟುಕೊಡುವುದು ಬೇಡ, ಆದರೆ ಮೂರು ವರುಷಕ್ಕೊಮ್ಮೆ ಹಸುವಿನ ಇಳುವರಿಯೆಷ್ಟು ಏರಿತು, ಗ್ರಾಹಕನು ಕೊಟ್ಟ ರೂಪಾಯಿಯಲ್ಲಿ ಕರೆದವಳ ಕೈಗೆ ಎಷ್ಟು ಪೈಸೆ ಸೇರಿತು ಎಂಬ ಎರಡು ಅಂಕಿಗಳನ್ನು ಪ್ರತಿಯೊಂದು ಒಕ್ಕೂಟವೂ ಊರ ಡೇರಿಯ ಗೋಡೆಯ ಮೇಲೆ ಬರೆದು ನಿಲ್ಲಿಸಲಿ. ಮೂರು ವರುಷ ಏಕೆಂದು ಕೇಳುವವರಿಗೆ ಅಕ್ಕನ ಮಾತೇ ಉತ್ತರ. ಕಳೆದ ತಿಂಗಳು ಅವಳ ಕೊಟ್ಟಿಗೆಯಲ್ಲಿ ಒಂದು ಹೆಣ್ಣುಗರು ಹುಟ್ಟಿದೆ. ಅದು ಹಸುವಾಗುವ ಹೊತ್ತಿಗೆ ಮೊದಲ ಲೆಕ್ಕ ಕೈಗೆ ಬರುವುದು.